ಕೋವಿಗೆ ಸ್ಕೋಪು ಕೊಳ್ಳುವ ಮುನ್ನ

ಕೈಲ್ ಮುಹೂರ್ತ ಸಮೀಪಿಸಿದೊಡನೆ ಕೊಡಗಿನ ಮನೆಗಳಲ್ಲಿ ಕೋವಿಗಳನ್ನು ಒರೆಸಿ ಎಣ್ಣೆ ಹಚ್ಚುವ ಕೆಲಸ ಶುರುವಾಗುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹುಡುಗರು ಅಣಿಯಾಗುತ್ತಾರೆ. ಆಗ ರೈಫಲ್ಲಿಗೆ ಯಾವ ಸ್ಕೋಪು ಒಳ್ಳೆಯದೆಂಬ ಪ್ರಶ್ನೆಯೂ ಏಳುತ್ತದೆ. ದೊಡ್ಡದಾಗಿ ತೋರಿಸುವುದೇ ಒಳ್ಳೆಯದೆಂದು ಹಲವರ ಎಣಿಕೆ. ಅದು ಸರಿಯಲ್ಲವೆಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಉದ್ದೇಶ

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಅಪರಾಧ. ಹಂದಿ ಬೆಳೆ ಹಾಳು ಮಾಡಿದರೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆಜ್ಞೆಯಿಲ್ಲದೆ ಗುಂಡು ಹಾರಿಸುವಂತಿಲ್ಲ. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಉಂಟು. ಈ ಕಾನೂನಿನಿಂದ ಇಲ್ಲ. ಆದ್ದರಿಂದ ನಮಗೆ ಸ್ಕೋಪು ಬೇಕಾಗುವುದು ಗುರಿ ಅಭ್ಯಾಸಕ್ಕೆ.

ಪಂದ್ಯಕ್ಕಾದರೆ ಅಲ್ಲಿನ ನಿಯಮವನ್ನು ಮೊದಲೇ ಕೇಳಿಕೊಳ್ಳಿ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಪಂದ್ಯದಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಸಣ್ಣ ರಂಧ್ರದ ಮೂಲಕ ಗುರಿ ನೋಡಿ. ಮಕ್ಕಳನ್ನು ಈ ಪಂದ್ಯಕ್ಕೆ ಕಳಿಸುವ ಆಸೆಯಿದ್ದವರು ಸ್ಕೋಪಿನ ಹಣ ಉಳಿಸಬಹುದು.

ಅಂಕಿಗಳ ಅರ್ಥ

4×32 ಎಂದರೆ ವಸ್ತು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 32 ಮಿ.ಮೀ. 32ನ್ನು 4ರಿಂದ ಭಾಗಿಸಿದರೆ 8 ಮಿ.ಮೀ. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಇಷ್ಟು ಅಗಲ. ಅದೇ 12×40ರಲ್ಲಿ ಇದು 3.3 ಮಿ.ಮೀ. ಮಾತ್ರ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿ.ಮೀ. ವರೆಗೆ ಅರಳುತ್ತದೆ. ಹಾಗಾಗಿ ಮೋಡದ ದಿನ, ಮರದ ನೆರಳಿನಲ್ಲಿ, 12 ಪಟ್ಟಿನ ಸ್ಕೋಪು ಮಂಕಾಗಿ ಕಾಣುತ್ತದೆ. ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಕೈಯ ನಡುಕವೂ ದೊಡ್ಡದಾಗುತ್ತದೆ. 50 ಮೀಟರಿನೊಳಗಿನ ಅಭ್ಯಾಸಕ್ಕೆ, ಪಾಯಿಂಟ್ 22 ರೈಫಲ್ಲಿಗೆ, 4×32 ಧಾರಾಳವಾಗಿ ಸಾಕು. ಇನ್ನೂ ದೂರಕ್ಕೆ ಬೇಕಾದವರು 3-9×40 ನೋಡಬಹುದು.

ಅಂಗಡಿಯಲ್ಲಿ ನೋಡಬೇಕಾದದ್ದು

1. ಬಿಸಿಲಿನ ರಸ್ತೆಯನ್ನು ನೋಡಿ ಮರುಳಾಗಬೇಡಿ. ನೆರಳಿನ ಮೂಲೆಯೊಂದನ್ನು ನೋಡಿ ಪರೀಕ್ಷಿಸಿ.

2. ಕಣ್ಣಿಗೂ ಹಿಂದಿನ ಗಾಜಿಗೂ 3ರಿಂದ 4 ಅಂಗುಲ ಅಂತರವಿದ್ದಾಗಲೂ ಪೂರ್ತಿ ಚಿತ್ರ ಕಾಣಬೇಕು. ಅಂತರ ಕಡಿಮೆಯಾದರೆ ದೊಡ್ಡ ರೈಫಲ್ಲಿನ ಒದೆತಕ್ಕೆ ಹುಬ್ಬು ಒಡೆಯುತ್ತದೆ.

3. ಕಣ್ಣು ಸ್ವಲ್ಪ ಸರಿಸಿದಾಗ ಒಳಗಿನ ಅಡ್ಡಗೆರೆ ಗುರಿಯ ಮೇಲೆ ಸರಿದಾಡಿದರೆ ಅದು ಪ್ಯಾರಲಾಕ್ಸ್ ದೋಷ. ಸಾಮಾನ್ಯ ರೈಫಲ್ ಸ್ಕೋಪುಗಳನ್ನು 100 ಗಜಕ್ಕೆ ಹೊಂದಿಸಿರುತ್ತಾರೆ. ಹತ್ತಿಪ್ಪತ್ತು ಮೀಟರಿನ ಏರ್‌ಗನ್ ಅಭ್ಯಾಸಕ್ಕೆ, ದೂರ ಹೊಂದಿಸಿಕೊಳ್ಳುವ ಬಳೆಯಿರುವ ಸ್ಕೋಪೇ ಬೇಕು.

4. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಅದಕ್ಕೆಂದೇ ಮಾಡದ ಸ್ಕೋಪಿನ ಒಳಭಾಗ ಬೇಗ ಸಡಿಲವಾಗುತ್ತದೆ.

5. ಗುರಿ ತಿದ್ದುವ ತಿರುಪು ಒಂದು "ಟಿಕ್" ತಿರುಗಿದರೆ ಎಷ್ಟು ಸರಿಯುತ್ತದೆಂದು ಕೇಳಿ. ಕಾಲು ಮಿನಿಟಿನ ತಿರುಪಾದರೆ 100 ಮೀಟರಿನಲ್ಲಿ ಸುಮಾರು 7 ಮಿ.ಮೀ., 25 ಮೀಟರಿನಲ್ಲಿ ಹೆಚ್ಚುಕಡಿಮೆ 2 ಮಿ.ಮೀ.

ನಮ್ಮ ಮಳೆಗಾಲ

ಮಲೆನಾಡಿನಲ್ಲಿ ಸ್ಕೋಪಿನ ಶತ್ರು ಬೂಷ್ಟು. ಒಳಗೆ ನೈಟ್ರೋಜನ್ ತುಂಬಿ ಬಿಗಿಮಾಡಿದ ಸ್ಕೋಪನ್ನೇ ಆರಿಸಿ. ಚರ್ಮದ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಗಾಜಿನ ಮೇಲಿನ ದೂಳನ್ನು ಊದಿ ತೆಗೆದ ಮೇಲಷ್ಟೇ ಮೆತ್ತನೆಯ ಬಟ್ಟೆಯಿಂದ ಒರೆಸಿ. ಪಂಚೆಯ ತುದಿ ಬೇಡ.

ಮರೆಯಬಾರದ ಮಾತು

ಸ್ಕೋಪು ನೋಡಿದ ಕಡೆಗೇ ಕೋವಿಯ ಬಾಯಿಯೂ ನೋಡುತ್ತದೆ. ಕಾಫಿ ಗಿಡದ ಮರೆಯಲ್ಲಿ ಏನೋ ಅಲುಗಿತೆಂದು ಸ್ಕೋಪಿನಲ್ಲಿ ಇಣುಕಿದಿರೆಂದರೆ, ಅಲ್ಲಿ ಸೌದೆ ಆರಿಸುತ್ತಿರುವ ಹೆಂಗಸಿನ ಎದೆಗೇ ಕೋವಿ ಹಿಡಿದಂತಾಯಿತು. ನೋಡುವುದಕ್ಕೆ ಬೈನಾಕ್ಯುಲರ್ ಇಟ್ಟುಕೊಳ್ಳಿ. ಸ್ಕೋಪು ಗುರಿಗೆ ಮಾತ್ರ. ಪಾಯಿಂಟ್ 22 ಗುಂಡು ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ಗುರಿಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬವಿಲ್ಲದಿದ್ದರೆ ಎಂಥ ಸ್ಕೋಪಿದ್ದರೂ ಅಭ್ಯಾಸ ಬೇಡ. ದಿಬ್ಬದ ಆಚೆ ಪಕ್ಕದ ತೋಟವಿದೆ, ಅಲ್ಲಿ ಕೆಲಸದವರಿದ್ದಾರೆ ಎಂಬುದನ್ನು ಮನೆಯ ಹುಡುಗರಿಗೆ ಮೊದಲ ದಿನವೇ ಕಲಿಸೋಣ.