ಹಬ್ಬದ ಕುಡಿತ, ತಾಳ ತಪ್ಪುವ ಹೃದಯ



ಕುಡಿತವೆಂದೊಡನೆ ನಮಗೆ ನೆನಪಾಗುವುದು ಲಿವರ್. ಹೃದಯದ ಮಾತು ಯಾರೂ ಎತ್ತುವುದಿಲ್ಲ. "ನಾನೇನು ಕುಡುಕನಲ್ಲ, ಹಬ್ಬಕ್ಕೆ, ಮದುವೆಗೆ ಮಾತ್ರ" ಎನ್ನುವವರು ನಮ್ಮಲ್ಲಿ ಬಹಳ. ಈ ಲೇಖನ ಅವರಿಗಾಗಿಯೇ.

ಹೃದಯಕ್ಕೆ ತನ್ನದೇ ಆದ ವಿದ್ಯುತ್ ವ್ಯವಸ್ಥೆಯಿದೆ. ಬಲಭಾಗದ ಮೇಲಿನ ಕೋಣೆಯಲ್ಲಿರುವ ಪುಟ್ಟ ಗಂಟೊಂದು, ನಾವು ಸುಮ್ಮನೆ ಕುಳಿತಿರುವಾಗ, ನಿಮಿಷಕ್ಕೆ 60ರಿಂದ 100 ಬಾರಿ ಅಪ್ಪಣೆ ಕೊಡುತ್ತದೆ. ಮೊದಲು ಮೇಲಿನ ಕೋಣೆಗಳು, ಕ್ಷಣ ಬಿಟ್ಟು ಕೆಳಗಿನವು ಮಿಡಿಯುತ್ತವೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಳೆ ತೆರೆಯುವುದಕ್ಕೂ ಲಾಳಿ ಓಡುವುದಕ್ಕೂ ಹೊಂದಿಕೆ ತಪ್ಪಿದರೆ ನೂಲು ಕಡಿಯುತ್ತದೆ.

ಮದ್ಯಸಾರ ಕೆಡಿಸುವುದು ಈ ಹೊಂದಿಕೆಯನ್ನೇ. ಹೃದಯದ ಜೀವಕೋಶಗಳಲ್ಲಿ ಸೋಡಿಯಂ, ಕ್ಯಾಲ್ಸಿಯಂ ಹೋಗಿಬರುವ ದಾರಿಗಳು ಏರುಪೇರಾಗುತ್ತವೆ, ನರಗಳು ಕೆರಳುತ್ತವೆ, ಮೂತ್ರ, ವಾಂತಿಯೊಂದಿಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಹರಿದುಹೋಗುತ್ತವೆ. ಆಗ ಮೇಲಿನ ಕೋಣೆಗಳು ಮಿಡಿಯುವ ಬದಲು ಬರಿದೇ ಅದುರತೊಡಗಬಹುದು. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ವಾರಾಂತ್ಯದ, ರಜೆಯ ಕುಡಿತದ ನಂತರ ಹೀಗೆ ಆಸ್ಪತ್ರೆ ಸೇರಿದವರನ್ನು ಕಂಡು 1978ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಎಟ್ಟಿಂಗರ್ ಮತ್ತು ಸಂಗಡಿಗರು ಇದನ್ನು 'ಹಾಲಿಡೇ ಹಾರ್ಟ್' ಎಂದು ಕರೆದರು.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು, ಅಷ್ಟೆ. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ಸಲುವಾಗಿ ದ್ರಾಕ್ಷಾರಸ ಹೇಳಿದ್ದನ್ನು ನನಗೆ ನೆನಪಿಸುವವರು, ಅಲ್ಲಿ 'ಸ್ವಲ್ಪ' ಎಂದಿರುವುದನ್ನು ಮರೆಯುತ್ತಾರೆ!

ರಾತ್ರಿ ಗಂಡನ ಎದೆ ಡವಗುಟ್ಟಿದಾಗ ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸುವ ತಾಯಂದಿರೇ, ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಒಮ್ಮೆ ಓಡಿ ಒಮ್ಮೆ ತಡೆದು ತಾಳ ತಪ್ಪಿದ್ದರೆ ಇ.ಸಿ.ಜಿ. ಮಾಡಿಸಿ. ಎದೆನೋವು, ಏದುಸಿರು, ತಲೆಸುತ್ತು, ಬಾಯಿ ಸೊಟ್ಟಗಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಮರ್ಯಾದೆಗೆ ಅಂಜಿ ಕುಡಿದದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಚಿಕಿತ್ಸೆ ನಿಂತಿರುವುದೇ ಆ ಮಾತಿನ ಮೇಲೆ.

ಬಿಟ್ಟರೆ ಪ್ರಯೋಜನವುಂಟೇ? ಉಂಟು. ಈ ತೊಂದರೆಯಿದ್ದ 140 ಕುಡಿಯುವವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕುಡಿತ ಮುಂದುವರಿಸಿದವರಲ್ಲಿ ಆರು ತಿಂಗಳೊಳಗೆ ಶೇ. 73 ಮಂದಿಗೆ ತೊಂದರೆ ಮರುಕಳಿಸಿತು. ಬಿಡಲು ಒಪ್ಪಿದವರಲ್ಲಿ ಶೇ. 53 ಮಂದಿಗೆ. ಆದರೆ ದಿನವೂ ಹೆಚ್ಚು ಕುಡಿಯುವವರು ಆಣೆಯಿಟ್ಟು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಅಂಥವರು ವೈದ್ಯರ ಕೈಕೆಳಗೇ ಬಿಡಬೇಕು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.