ಮುಂದೇನು ಅಂತ ಅವನಿಗೆ ಗೊತ್ತಿರಲಿ

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ನಲಿಕಲಿ ಶಿಕ್ಷಕಿ ನಾನು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಈ ವರ್ಷ ಸೇರಿದ ಒಬ್ಬ ಹುಡುಗನಿಗೆ ಆಟಿಸಂ ಇದೆ ಎಂದು ಜಿಲ್ಲಾಸ್ಪತ್ರೆಯಲ್ಲಿ ಹೇಳಿದ್ದಾರೆ. ‘ಕೂತ್ಕೋ’ ಅಂದರೆ ‘ಕೂತ್ಕೋ’ ಅಂತ ನನಗೇ ತಿರುಗಿ ಹೇಳುತ್ತಾನೆ. ಬಿಸಿಯೂಟದ ಹೊತ್ತು ಹತ್ತಿರ ಬಂತೆಂದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಗೇಟಿನ ಕಡೆ ಓಡುತ್ತಾನೆ. ಮೊನ್ನೆ ತಡೆಯಲು ಹೋಗಿ ರಟ್ಟೆ ಬಿಗಿಯಾಗಿ ಹಿಡಿದೆ, ಕೈ ಕಚ್ಚಿದ. ಎಲ್ಲರ ಮುಂದೆ ಗದರಿದೆ. ಮನೆಗೆ ಹೋಗಿ ಅತ್ತುಬಿಟ್ಟೆ. ಉಳಿದ ಪೋಷಕರು ‘ಅವನನ್ನು ವಿಶೇಷ ಶಾಲೆಗೆ ಕಳಿಸಿ’ ಎನ್ನುತ್ತಿದ್ದಾರೆ. ನನಗೆ ಈ ಬಗ್ಗೆ ತರಬೇತಿ ಆಗಿಲ್ಲ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇನೋ?
– ಹೆಸರು, ಊರು ಬೇಡ

ಉತ್ತರ: ಕಚ್ಚಿದ ಮಗುವಿನ ಮೇಲೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ಇಳಿದ ಮೇಲೆ ಅಳು ಬರುವುದೂ ಸಹಜ. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತ, ಯಾರೂ ಹೇಳಿಕೊಡದ ಕೆಲಸವನ್ನೂ ನಿಭಾಯಿಸುತ್ತಿದ್ದೀರಿ. ದಣಿವನ್ನು ಅಯೋಗ್ಯತೆ ಎಂದುಕೊಳ್ಳಬೇಡಿ. ಇಷ್ಟಾದರೂ ಅವನನ್ನು ಹೇಗೆ ಕಳಿಸಿಬಿಡುವುದು ಎಂದು ನೀವು ಕೇಳಿಲ್ಲ, ನಿಮ್ಮನ್ನೇ ಪ್ರಶ್ನಿಸಿಕೊಂಡಿದ್ದೀರಿ.

‘ಹೇಳಿದ ಮಾತು ಕೇಳುವುದಿಲ್ಲ’ ಎಂಬ ಬೇಸರ ನಿಮ್ಮ ಪತ್ರದ ತುಂಬ ಇದೆ. ಅದರ ಜಾಗದಲ್ಲಿ ‘ಮುಂದೇನಾಗುತ್ತದೆ ಅಂತ ಅವನಿಗೆ ಗೊತ್ತಾಗುತ್ತಿಲ್ಲ’ ಎಂದು ಇಟ್ಟುಕೊಂಡು ನೋಡಿ. ಅವನು ಮಾಡುವುದೆಲ್ಲ ಬೇರೆ ಥರ ಕಾಣತೊಡಗುತ್ತದೆ.

ಮೊದಲು ಆ ‘ಕೂತ್ಕೋ’. ಅವನು ನಿಮ್ಮನ್ನು ಅಣಕಿಸುತ್ತಿಲ್ಲ. ಕೇಳಿದ್ದನ್ನೇ ತಿರುಗಿ ಹೇಳುವುದಕ್ಕೆ ಎಕೋಲೇಲಿಯಾ ಎನ್ನುತ್ತಾರೆ. ಆಟಿಸಂ ಇರುವ ಎಷ್ಟೋ ಮಕ್ಕಳು ಮಾತು ಕಲಿಯುವ ದಾರಿಯೇ ಇದು. ಇದನ್ನೇ ಬಳಸಿಕೊಳ್ಳಿ. ‘ನೀರು ಬೇಕಾ?’ ಎಂದರೆ ಅದೇ ಪ್ರಶ್ನೆ ನಿಮಗೆ ವಾಪಸ್ ಬರುತ್ತದೆ. ಲೋಟ ತೋರಿಸಿ ‘ನೀರು ಬೇಕು’ ಎನ್ನಿ. ಅವನು ಹಾಗೇ ಅಂದ ತಕ್ಷಣ ಲೋಟ ಕೈಗೆ ಕೊಡಿ. ನಾಲ್ಕು ದಿನ ಹೀಗೆ ನಡೆದರೆ ಮಾತಿಗೂ ನೀರಿಗೂ ನಂಟಿದೆ ಎಂಬುದು ಅವನಿಗೆ ಹೊಳೆಯಲು ಶುರುವಾಗಬಹುದು.

ಇನ್ನು ಊಟದ ಹೊತ್ತು. ಆಗ ಶಾಲೆಯಲ್ಲಿ ಏನೇನು ಕೇಳಿಸುತ್ತದೆ, ಗಮನಿಸಿದ್ದೀರಾ? ಅಡುಗೆ ಕೋಣೆಯ ದೊಡ್ಡ ಕುಕ್ಕರ್ ಸೀಟಿ ಹೊಡೆಯುತ್ತದೆ. ಸ್ಟೀಲ್ ತಟ್ಟೆಗಳು ಸಿಮೆಂಟ್ ನೆಲದ ಮೇಲೆ ಉರುಳುತ್ತವೆ. ಒಗ್ಗರಣೆಯ ಘಾಟು ಬೇರೆ. ಮಕ್ಕಳೆಲ್ಲ ಒಮ್ಮೆಲೇ ಎದ್ದು ನೂಕಾಡುತ್ತಾರೆ. ನಮಗೆ ಹಸಿವು ಹೆಚ್ಚಿಸುವ ಈ ಗದ್ದಲ ಅವನಿಗೆ ನೋವೇ ಆಗಬಹುದು. ಶಬ್ದ, ವಾಸನೆ, ಸ್ಪರ್ಶಗಳಿಗೆ ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5, 2013ರಲ್ಲಿ ಆಟಿಸಂನ ಲಕ್ಷಣಗಳ ಸಾಲಿಗೇ ಸೇರಿಸಿತು.

ಸೀಟಿಯೇ ಕಾರಣ ಎಂದು ಇಲ್ಲಿ ಕೂತು ನಾನು ಹೇಳಲಾರೆ. ಹಾಗಾಗಿ ಮೊದಲ ಕೆಲಸ, ಒಂದು ವಾರ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಬರೆಯಿರಿ: ಕಿರುಚುವ ಮುಂಚೆ ಏನಾಯಿತು, ಅವನೇನು ಮಾಡಿದ, ಆಮೇಲೆ ಏನಾಯಿತು. ಸೀಟಿಯೇ ಎಂದು ಕಂಡರೆ, ಅದು ಹೊಡೆಯುವ ಮೊದಲೇ ಯಾರಾದರೂ ದೊಡ್ಡವರ ಜೊತೆ ಕೈ ತೊಳೆಯಲು ಕಳಿಸಿ. ಅವನ ತಟ್ಟೆಗೆ ಮೊದಲು ಬಡಿಸಿ, ಸಾಲಿನ ಕೊನೆಯಲ್ಲಿ ಗೋಡೆ ಪಕ್ಕ ಕೂರಿಸಿ.

ಎರಡನೆಯದು, ದಿನದ ಚಿತ್ರಪಟ್ಟಿ. ಇದಕ್ಕೆ ಬೇಕಾದ ಅರ್ಧ ವಿದ್ಯೆ ನಿಮಗೆ ಈಗಾಗಲೇ ಬರುತ್ತದೆ. ನಲಿಕಲಿಯ ಕಲಿಕಾ ಏಣಿಯಲ್ಲಿ ಲೋಗೋ ನೋಡಿಯೇ ಮಕ್ಕಳು ತಮ್ಮ ಮುಂದಿನ ಮೆಟ್ಟಿಲು ಹುಡುಕುತ್ತಾರಲ್ಲ, ಅಂಥದೇ ಏಣಿ ಅವನ ದಿನಕ್ಕೂ ಬೇಕು. ಪ್ರಾರ್ಥನೆ, ಹಾಲು, ಕಾರ್ಡು, ಊಟ, ಆಟ, ಮನೆ: ನಿಮ್ಮ ಶಾಲೆಯದೇ ಫೋಟೊ ತೆಗೆದು ರಟ್ಟಿಗೆ ಅಂಟಿಸಿ. ಒಂದು ಮುಗಿದಾಗ ಅವನ ಕೈಯಲ್ಲೇ ತಿರುಗಿಸಿಡಿಸಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1972ರಿಂದ ನಡೆದುಬಂದ ‘ಟೀಚ್’ ಪದ್ಧತಿಯ ತಿರುಳೂ ಇದೇ: ಕಿವಿಗೆ ಹೇಳುವುದನ್ನು ಕಣ್ಣಿಗೆ ಕಾಣಿಸುವುದು. ದಿನಚರಿ ಬದಲಾಗುವುದಿದ್ದರೆ ಪಟ್ಟಿಯಲ್ಲಿ ಮೊದಲೇ ಬದಲಿಸಿ ತೋರಿಸಿ.

ಮೂರನೆಯದು, ತರಗತಿಯ ಮೂಲೆಯಲ್ಲೊಂದು ಚಾಪೆ. ಸಾಕಾದಾಗ ಅವನೇ ಎತ್ತಿ ತೋರಿಸಲು ‘ಸಾಕು’ ಎಂಬ ಕಾರ್ಡು. ಆ ಚಾಪೆ ಶಿಕ್ಷೆಯ ಜಾಗವಾಗಬಾರದು. ಅವನು ಶಾಂತನಾಗಿರುವಾಗಲೇ ಅಲ್ಲಿ ಕೂರುವುದನ್ನು ರೂಢಿಸಿ.

ಕಿರುಚಾಟ ಶುರುವಾದ ಮೇಲೆ ಪಾಠ, ಬುದ್ಧಿವಾದ ಯಾವುದೂ ತಲೆಗೆ ಹೋಗುವುದಿಲ್ಲ. ಮಾತು ಕಡಿಮೆ ಮಾಡಿ, ದನಿ ತಗ್ಗಿಸಿ, ಉಳಿದ ಮಕ್ಕಳನ್ನು ದೂರ ಸರಿಸಿ. ರಟ್ಟೆ ಹಿಡಿಯುವುದು, ಎಲ್ಲರೆದುರು ಗದರುವುದು ಮಾತ್ರ ಇನ್ನು ಬೇಡ. ಅದು ಅವನ ಭಯವನ್ನು ಹೆಚ್ಚಿಸುತ್ತದೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಓಡುವ ಮಗು ಇರುವುದರಿಂದ ಶಾಲಾ ಸಮಯದಲ್ಲಿ ಗೇಟಿಗೆ ಚಿಲಕ ಹಾಕಿಸುವಂತೆ ಮುಖ್ಯ ಶಿಕ್ಷಕರಿಗೆ ಹೇಳಿ.

ಪೋಷಕರ ತಕರಾರನ್ನು ಒಬ್ಬರೇ ಹೊರಬೇಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ, ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಪ್ರಮಾಣಿತವಾದ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು. ಆಯ್ಕೆ ಆ ಮಗುವಿನ ಕಡೆಯವರದು, ನೆರೆಹೊರೆಯವರದಲ್ಲ. ಇದನ್ನು ಓದುತ್ತಿರುವ ಪೋಷಕರೇ, ನಿಮ್ಮ ಮಕ್ಕಳ ಸುರಕ್ಷತೆಯ ಬಗ್ಗೆ ನಿಮಗಿರುವ ಆತಂಕ ತಪ್ಪಲ್ಲ. ಆದರೆ ಅದಕ್ಕೆ ಪರಿಹಾರ ಟೀಚರಿಗೆ ಇನ್ನೊಂದು ಜೊತೆಗೈ ಸಿಗುವುದರಲ್ಲಿದೆ.

ಆ ಜೊತೆಗೈ ಎಲ್ಲಿದೆ? ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ, ಶಾಲೆಗೆ ಬರುವಂತೆ ಬರವಣಿಗೆಯಲ್ಲೇ ಕೋರಿ. ಮಾತು, ಸಂವಹನದ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಕ್ಕಳ ಮನೋವೈದ್ಯಕೀಯ ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಫಿಟ್ಸ್ ಬಂದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಬರುತ್ತಿದ್ದ ಮಾತು ನಿಂತುಹೋದರೆ ತಡಮಾಡದೆ ವೈದ್ಯರಿಗೆ ತೋರಿಸಲು ತಾಯಿಗೆ ಹೇಳಿ. ಯಾವ ಸದ್ದಿಗೆ ಹೆದರುತ್ತಾನೆ, ಏನು ಕೊಟ್ಟರೆ ಸಮಾಧಾನ ಎಂಬುದೂ ಆಕೆಗೇ ಚೆನ್ನಾಗಿ ಗೊತ್ತು, ಕೇಳಿ ಬರೆದುಕೊಳ್ಳಿ. ನಿಮ್ಮ ಅಳು, ನಿದ್ದೆಗೆಡುವುದು ಮುಂದುವರಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲವನ್ನೂ ಸೋಮವಾರವೇ ಶುರು ಮಾಡಬೇಡಿ. ಮೊದಲ ವಾರ ನೋಟ್‌ಬುಕ್ ಮಾತ್ರ, ಎರಡನೇ ವಾರ ಊಟದ ಹೊತ್ತಿಗೆ ಬೇಕಾದ ನಾಲ್ಕು ಚಿತ್ರ ಸಾಕು. ಒಂದು ದಿನ ಸರಿಹೋಗಿ ಮರುದಿನ ಮತ್ತೆ ಕಿರುಚಿದರೆ ಸೋತೆವೆಂದು ಕೈಬಿಡಬೇಡಿ, ಅದನ್ನೂ ಬರೆದಿಡಿ. ಬಿಐಇಆರ್‌ಟಿಯವರು ಬಂದ ದಿನ ಮೊದಲು ಕೇಳುವುದು ಆ ಪುಟಗಳನ್ನೇ.