ಅಮ್ಮಂದಿರ ಉಸಿರು ಮತ್ತು ಒಂದು ಸರಳ ರೇಖೆ

ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್‌ನ ಸಿದ್ಧಾಪುರ ಗೇಟ್ ಹತ್ರನೋ, ಜೆ.ಪಿ. ನಗರದ ಮಿನಿ ಫಾರೆಸ್ಟ್‌ನಲ್ಲೋ ನಿಂತು ನೋಡಿ. ವಾಕಿಂಗ್ ಬರುವವರಲ್ಲಿ ನಮ್ಮ ಅಮ್ಮಂದಿರ ವಯಸ್ಸಿನವರು ಬೇಕಾದಷ್ಟು ಜನ ಸಿಗ್ತಾರೆ, ನಮ್ಮ ಕ್ಲಾಸಿನ ಹುಡುಗಿಯರ ವಯಸ್ಸಿನವರು ಕಡಿಮೆ. ನಮಗಿನ್ನೂ ಹತ್ತೊಂಬತ್ತು, ವಯಸ್ಸಾದ ಮೇಲೆ ನೋಡ್ಕೊಂಡ್ರಾಯ್ತು ಅನ್ನೋ ಧೈರ್ಯ. ಈ ಧೈರ್ಯ ಲೆಕ್ಕದಲ್ಲಿ ನಿಲ್ಲುತ್ತಾ ಅಂತ ನೋಡೋಣ.

ಏರೋಬಿಕ್ ಫಿಟ್‌ನೆಸ್ಸಿನ ಅಳತೆಗೆ 'ವಿಓಟು ಮ್ಯಾಕ್ಸ್' ಅಂತಾರೆ. ಇನ್ನು ಆಗಲ್ಲ ಅನ್ನುವಷ್ಟು ಜೋರಾಗಿ ಓಡುವಾಗ ದೇಹ ನಿಮಿಷಕ್ಕೆ, ತೂಕದ ಪ್ರತಿ ಕೆ.ಜಿ.ಗೆ, ಎಷ್ಟು ಮಿ.ಲೀ. ಆಮ್ಲಜನಕ ಬಳಸಬಲ್ಲದು ಅನ್ನೋ ಸಂಖ್ಯೆ ಅದು. ಸುಮ್ಮನೆ ಕೂತಿರೋಕೆ ಸುಮಾರು 3.5 ಸಾಕು. ಸಮೀಕರಣ ನಮ್ಮ ಪಂಪಿನ ಲೆಕ್ಕದ ಥರಾನೇ: ಹೃದಯ ನಿಮಿಷಕ್ಕೆ ತಳ್ಳುವ ರಕ್ತ × ಅದರಿಂದ ದೇಹ ಎಳೆದುಕೊಳ್ಳುವ ಆಮ್ಲಜನಕ. ವಯಸ್ಸಾದಂತೆ ಪಂಪಿನ ಗರಿಷ್ಠ ವೇಗ ಇಳಿಯುತ್ತೆ. ಹೆಂಗಸರಿಗೆ ಬಳಸುವ ಒಂದು ಸೂತ್ರ 206 − 0.88 × ವಯಸ್ಸು. 20ಕ್ಕೆ 188 ಬಡಿತ, 60ಕ್ಕೆ 153. ಎಷ್ಟೇ ಓಡಿದರೂ ಈ ಇಳಿತ ನಿಲ್ಲಲ್ಲ.

ಆದರೂ ದಿನಾ ಓಡುವವರ ಫಿಟ್‌ನೆಸ್ ನಿಧಾನವಾಗಿ ಇಳಿಯಬೇಕು ಅನ್ಸುತ್ತಲ್ವಾ? 1997ರಲ್ಲಿ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು ಹೆಂಗಸರ ಮೇಲಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಂದಿದ್ದು ಉಲ್ಟಾ. ಹತ್ತು ವರ್ಷಕ್ಕೆ ಆಗುವ ಇಳಿತ ವ್ಯಾಯಾಮವೇ ಇಲ್ಲದವರಲ್ಲಿ 3.5, ಚಟುವಟಿಕೆಯಿಂದ ಇರುವವರಲ್ಲಿ 4.4, ದೂರದ ಓಟದಂಥ ತರಬೇತಿ ಪಡೆದವರಲ್ಲಿ 6.2. ಅಂದ್ರೆ ಓಡುವವರದ್ದೇ ಜಾಸ್ತಿ ಇಳಿಜಾರು! ಆದರೆ ಶೇಕಡಾವಾರು ನೋಡಿದರೆ ಮೂರೂ ಗುಂಪಿಗೆ ಒಂದೇ, 25ರ ವಯಸ್ಸಿನ ಮಟ್ಟದ ಶೇ. 10ರಿಂದ 11. ಎತ್ತರದಿಂದ ಶುರುವಾದ ರೇಖೆ ಜಾಸ್ತಿ ಇಳಿಯುತ್ತೆ, ಆದರೂ ಮೇಲೇ ಇರುತ್ತೆ. (ಇವು ಒಬ್ಬರನ್ನೇ ನಲವತ್ತು ವರ್ಷ ಹಿಂಬಾಲಿಸಿದ ಅಂಕಿಗಳಲ್ಲ, ಬೇರೆಬೇರೆ ವಯಸ್ಸಿನ ಗುಂಪುಗಳ ಸರಾಸರಿ. ನಮ್ಮ ಅಜ್ಜಿಯದ್ದು ಬೇರೆ ಇರಬಹುದು.)

ಈಗ ಸಂಖ್ಯೆ ಹಾಕೋಣ. ಶೇ. 10 ಅಂತ ಇಟ್ಕೊಂಡರೆ 25ಕ್ಕೆ ಕೂತಿರುವವರದ್ದು 35, ಚಟುವಟಿಕೆಯವರದ್ದು 44. 65ಕ್ಕೆ ಬಂದಾಗ 21 ಮತ್ತು 26.4. ಬಿ.ಟಿ.ಎಂ.ನ ಯಾವುದೋ ಅಪಾರ್ಟ್‌ಮೆಂಟಲ್ಲಿ ಕರೆಂಟ್ ಹೋಗಿ ಲಿಫ್ಟ್ ನಿಂತಿದೆ, ಮನೆ ಮೂರನೇ ಮಹಡಿ ಅಂದ್ಕೊಳ್ಳಿ. ಮೆಟ್ಟಿಲನ್ನು ನಿಧಾನವಾಗಿ ಹತ್ತೋಕೂ ಸುಮಾರು 14 ಬೇಕು. ಮೊದಲನೆಯವರಿಗೆ ಅದು ಇರುವ ಶಕ್ತಿಯ ಮೂರನೇ ಎರಡು ಪಾಲು, ಇನ್ನೊಬ್ಬರಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 75ಕ್ಕೆ ಮೊದಲನೆಯವರ ಪಾಲು ಶೇ. 80. ಚಟುವಟಿಕೆಯಿಂದ ಇರುವವರು 21ಕ್ಕೆ ಇಳಿಯೋದು 77ನೇ ವಯಸ್ಸಲ್ಲಿ, ಅಂದ್ರೆ ಹನ್ನೆರಡು ವರ್ಷ ತಡವಾಗಿ. ನಮಗೆ ಗ್ರಾಫಿನಲ್ಲಿ ಮುಖ್ಯ ಅನ್ಸಿದ್ದು ಇದೇ: ಸ್ಲೋಪ್ ಅಲ್ಲ, ಇಂಟರ್ಸೆಪ್ಟ್. ಆ 25 ನಮಗೆ ಇನ್ನು ಆರೇ ವರ್ಷ.

ಅಮ್ಮಂದಿರದ್ದು ಮುಗೀತು ಅಂತಲ್ಲ. 60 ದಾಟಿದವರೂ ಕೆಲವು ತಿಂಗಳು ಕ್ರಮವಾಗಿ ಅಭ್ಯಾಸ ಮಾಡಿದರೆ ಈ ಸಂಖ್ಯೆ ಏರುತ್ತೆ. ಆದರೆ 'ಮನೆ ಕೆಲಸಾನೇ ವ್ಯಾಯಾಮ' ಅನ್ನೋದನ್ನ ನಾವು ಅರ್ಧ ಮಾತ್ರ ಒಪ್ತೀವಿ. ಅಡುಗೆ, ಪಾತ್ರೆಯಲ್ಲಿ ಸುಸ್ತು ನಿಜ, ಹೃದಯಕ್ಕೆ ಅದು ಹಗುರ ಕೆಲಸ. ಸೀರಿಯಲ್ ಕಥೆ ಹೇಳ್ಕೊಂಡು ಹಾಕುವ ರೌಂಡೂ ಹೆಚ್ಚುಕಮ್ಮಿ ಹಾಗೇ. ಮಾತಾಡಬಹುದು, ಹಾಡೋಕಾಗಲ್ಲ ಅನ್ನುವಷ್ಟು ಏದುಸಿರು ಬಂದರೆ ಮಧ್ಯಮ ಮಟ್ಟ. ಅಂಥದ್ದು ವಾರಕ್ಕೆ ಕನಿಷ್ಠ 150 ನಿಮಿಷ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನೊಂದು ವಿಷಯ, ನಮ್ಮ ಹುಡುಗಿಯರಿಗೆ ಮುಖ್ಯವಾಗಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರೋದು 1.34 ಮಿ.ಲೀ. ಆಮ್ಲಜನಕ. ಹಿಮೋಗ್ಲೋಬಿನ್ 12 ಇದ್ದರೆ 100 ಮಿ.ಲೀ. ರಕ್ತದಲ್ಲಿ ಸುಮಾರು 16 ಮಿ.ಲೀ., 9 ಇದ್ದರೆ 12. ಪಂಪ್ ಚೆನ್ನಾಗಿದ್ದರೂ ಕಾಲು ಭಾಗ ಸಾಮಾನೇ ಬಂದಿಲ್ಲ. ಎರಡು ಮಹಡಿ ಹತ್ತಿದ್ದಕ್ಕೇ ಏದುಸಿರು ಬಿಡುವ ಗೆಳತಿಯನ್ನ ಸೋಮಾರಿ ಅಂತ ರೇಗಿಸೋ ಮೊದಲು ಒಂದು ರಕ್ತಪರೀಕ್ಷೆಗೆ ಕರ್ಕೊಂಡು ಹೋಗಿ.